ಫ್ಲೆಕ್ಸಿನ ಮೇಲಿನ ಡಾಕ್ಟರು

ಕೊಟ್ರಬಸಪ್ಪನವರ ಫಜೀತಿಗೆಲ್ಲ ಮೂಲ ಒಂದು ಫ್ಲೆಕ್ಸು. ಅದನ್ನು ಮಾಡಿದವನು ಪಕ್ಕದಂಗಡಿಯ ನಾಗರಾಜ, ಮಾಡು ಅಂತ ಹೇಳಿದವರು ಖುದ್ದು ಕೊಟ್ರಬಸಪ್ಪನವರು. ಹಾಗಾಗಿ ಬೈಯಬೇಕಾದ್ದು ಯಾರನ್ನು ಎಂಬುದು ಚನ್ನಗಿರಿ ಬಸ್‌ಸ್ಟ್ಯಾಂಡಿನ ಆಸುಪಾಸಿನಲ್ಲಿ ಇವತ್ತಿಗೂ ತೀರ್ಮಾನವಾಗಿಲ್ಲ.

ಕೊಟ್ರಬಸಪ್ಪನವರದು ಶಾಮಿಯಾನದ ವ್ಯಾಪಾರ. ಮದುವೆಯಿರಲಿ, ತಿಥಿಯಿರಲಿ, ಪುಢಾರಿಗಳ ಭಾಷಣವಿರಲಿ, ಕುರ್ಚಿ, ಮೈಕು, ಪಾತ್ರೆ, ಮೇಲೆ ಕಟ್ಟುವ ಬಟ್ಟೆ ಎಲ್ಲಾ ಅವರ ಅಂಗಡಿಯದೇ. ಮನುಷ್ಯ ಒಳ್ಳೆಯವರು. ರಕ್ತದಾನ ಶಿಬಿರ ಅಂದರೆ ಬಾಡಿಗೆಯ ಮಾತೇ ಎತ್ತುತ್ತಿರಲಿಲ್ಲ. ಅವರಿಗಿದ್ದದ್ದು ಒಂದೇ ಕೊರಗು. ಹೆಂಡತಿ ಶಿವಗಂಗಮ್ಮನ ಅಣ್ಣ ಬಸವರಾಜಪ್ಪ, ಹೊನ್ನಾಳಿಯಲ್ಲಿ ಹೆಡ್‌ಮಾಸ್ಟರಾಗಿ ನಿವೃತ್ತರಾದವರು, ಮದುವೆಯಾದ ದಿನದಿಂದ ಇವರನ್ನು ಹೆಸರಿಟ್ಟು ಕರೆದದ್ದೇ ಇಲ್ಲ. ಮನೆಗೆ ಹೋದರೆ ‘ನಮ್ಮ ಶಾಮಿಯಾನ ಬಂದಾನೆ, ಕಾಫಿ ಕೊಡ್ರಿ’ ಅನ್ನುವರು. ಬೀಗರ ಮುಂದೆ ಅಂದರು, ಮಕ್ಕಳ ಮುಂದೆ ಅಂದರು, ಕೊನೆಗೆ ಇವರ ಸ್ವಂತ ಮಗಳ ಮದುವೆಯಲ್ಲಿ ಮೈಕು ಹಿಡಿದು ‘ಶಾಮಿಯಾನ ಎಲ್ಲಿದ್ರೂ ವೇದಿಕೆಗೆ ಬರಬೇಕು’ ಅಂದರು. ಮೈಕು ಇವರದೇ. ಅವತ್ತು ಊಟ ಮಾಡದೆ ಮಲಗಿದ್ದರು ಪಾಪ.

ಹೀಗಿರುವಾಗ ಒಂದು ಫೋನು ಬಂತು. ಯಾವುದೋ ‘ವಿಶ್ವಮಾನ್ಯ ಸಾಧಕರ ವಿದ್ಯಾಪೀಠ’ ಇವರ ಸಮಾಜಸೇವೆ ಮೆಚ್ಚಿ ಗೌರವ ಡಾಕ್ಟರೇಟ್ ಕೊಡುತ್ತದಂತೆ. ವಿದ್ಯಾಪೀಠದ ಅಭಿವೃದ್ಧಿಗೆ ಕೈಲಾದಷ್ಟು ಕೊಡಬೇಕಂತೆ. ಕೈಲಾದಷ್ಟು ಅಂದರೆ ಎಷ್ಟು ಎಂಬುದು ಶಿವಗಂಗಮ್ಮನಿಗೆ ಈಗಲೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ದಾವಣಗೆರೆಯ ಒಂದು ಬಾಡಿಗೆ ಹಾಲಿನಲ್ಲಿ ಸಮಾರಂಭ ನಡೆಯಿತು. ಕುಲಪತಿಗಳು ಕೆಂಪು ನಿಲುವಂಗಿ, ಗೊಂಡೆಯ ಟೋಪಿ, ಎದೆಮಟ್ಟದ ಬಿಳಿ ಗಡ್ಡ, ಕಪ್ಪು ಕನ್ನಡಕದಲ್ಲಿ ವೇದಿಕೆಯ ಮೇಲೆ ನಿಂತಿದ್ದರು. ಪ್ರಮಾಣಪತ್ರ ಕೈಗೆ ಬಂದದ್ದೇ ಕೊಟ್ರಬಸಪ್ಪನವರು ದೊಪ್ಪನೆ ಅವರ ಕಾಲಿಗೆ ಬಿದ್ದರು.

ಕಾಲಿಗೆ ಬೀಳುವುದು ಅವರ ಹುಟ್ಟುಗುಣ. ಉದ್ದನೆಯ ಬಟ್ಟೆ ತೊಟ್ಟವರು ಯಾರೇ ಎದುರಾಗಲಿ, ಮೊದಲು ಬೀಳುವುದು, ಆಮೇಲೆ ಯಾರು ಅಂತ ಕೇಳುವುದು. ಹಾಗೆ ಬಿದ್ದಾಗ ನಿಲುವಂಗಿಯ ಅಂಚಿನ ಕೆಳಗೆ ಒಂದು ಜೊತೆ ನೀಲಿ ಹವಾಯಿ ಚಪ್ಪಲಿ ಕಂಡಿತು. ಒಂದರ ಬಾರು ಕಿತ್ತುಹೋಗಿ ಪಿನ್ನು ಹಾಕಿತ್ತು. ಇಷ್ಟು ದೊಡ್ಡವರು, ಎಂಥಾ ಸರಳತೆ ಎಂದು ಕೊಟ್ರಬಸಪ್ಪನವರ ಕಣ್ಣು ತುಂಬಿ ಬಂತು.

ಈಗ ಆ ಫಜೀತಿಯ ದಿನಕ್ಕೆ ಬರೋಣ. ಸಂಜೆ ವರ್ತಕರ ಸಂಘದವರು ಸಮುದಾಯ ಭವನದ ಅಂಗಳದಲ್ಲಿ ಅವರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಹೊನ್ನಾಳಿಯಿಂದ ಬಸವರಾಜಪ್ಪನವರೂ ಬರುವವರಿದ್ದರು. ಮೈಕಿನಲ್ಲಿ ‘ಡಾಕ್ಟರ್ ಕೊಟ್ರಬಸಪ್ಪನವರು ವೇದಿಕೆಗೆ ದಯಮಾಡಿಸಬೇಕು’ ಎಂಬ ಮಾತು ಬರಬೇಕು, ಭಾವನ ಎರಡೂ ಕಿವಿಗೆ ಅದು ಬೀಳಬೇಕು, ಅಷ್ಟೇ. ಅದಾದರೆ ಜನ್ಮ ಸಾರ್ಥಕ ಎಂದು ಅವರು ವಾರದಿಂದ ಹೆಂಡತಿಯ ಹತ್ತಿರ ಹೇಳಿ ಹೇಳಿ ಆಕೆಗೆ ಸಾಕಾಗಿ ಹೋಗಿತ್ತು.

ಬೆಳಿಗ್ಗೆ ಸ್ನಾನ ಮುಗಿಸಿ ಅಂಗಡಿ ಬಾಗಿಲಿಗೆ ಬಂದರೆ ಮೇಲೆ ಹೊಸ ಫ್ಲೆಕ್ಸು ಏರಿಬಿಟ್ಟಿತ್ತು. ‘ಡಾ. ಕೊಟ್ರಬಸಪ್ಪ’ ಎಂದು ದಪ್ಪಕ್ಷರ, ಪಕ್ಕದಲ್ಲಿ ಕೆಂಪು ಪ್ಲಸ್ ಗುರುತು. ಅಕ್ಷರದ ಕೆಳಗೆ ಬಿಳಿ ಕೋಟು ತೊಟ್ಟು, ಕೊರಳಿಗೆ ಸ್ಟೆತಸ್ಕೋಪು ಹಾಕಿಕೊಂಡು, ಕೈಕಟ್ಟಿ ನಗುತ್ತ ನಿಂತವರು ಸಾಕ್ಷಾತ್ ಕೊಟ್ರಬಸಪ್ಪನವರೇ.

“ಇದೇನೋ ನಾಗರಾಜ?”

“ಖಾಲಿ ಹೆಸರು ಹಾಕಿದ್ರೆ ಕಳೆ ಬರಲ್ಲ ಅಣ್ಣಾರೆ,” ಅಂದ ನಾಗರಾಜ. “ಹೋದ ತಿಂಗಳು ಕಣ್ಣಿನ ಶಿಬಿರಕ್ಕೆ ಮಾಡಿದ್ನಲ್ಲ, ಆ ಡಾಕ್ಟ್ರ ಮೈ ಕಂಪ್ಯೂಟರ್‌ನಾಗೇ ಇತ್ತು. ತಲೆ ನಿಮ್ಮದು ಕೂರಿಸಿದೆ.”

ಅವನದು ಅದೇ ಪದ್ಧತಿ. ತಾಲ್ಲೂಕಿನಲ್ಲಿ ಯಾರ ಹುಟ್ಟುಹಬ್ಬವಾದರೂ ತಲೆ ಮಾತ್ರ ಅವರದು, ಸೂಟು ಬೂಟಿನ ಮೈಯೆಲ್ಲ ಒಬ್ಬನದೇ. ಶಿವಗಂಗಮ್ಮ ಹೊರಗೆ ಬಂದು ನೋಡಿ, ಹೊಟ್ಟೆ ಎಲ್ಲಿ ಹೋಯಿತು ಅಂತ ಕೇಳಿ ನಗುತ್ತಾ ಒಳಗೆ ಹೋದರು. ತೆಗೆಸಬೇಕು ಅಂತ ಕೊಟ್ರಬಸಪ್ಪನವರಿಗೂ ಅನ್ನಿಸಿತು. ಆದರೆ ಆ ಮೈ ಅವರಿಗೆ ಎಷ್ಟು ಚೆನ್ನಾಗಿ ಒಪ್ಪಿತ್ತೆಂದರೆ, ಮಧ್ಯಾಹ್ನ ತೆಗೆಸಿದರಾಯಿತು ಅಂದುಕೊಂಡು ರಸ್ತೆಯ ಆಚೆ ಬದಿಗೆ ಹೋಗಿ ಇನ್ನೊಂದು ಸಲ ನೋಡಿ ಬಂದರು.

ಅಷ್ಟರಲ್ಲಿ ಉಬ್ರಾಣಿಯ ಬಸ್ಸು ಬಂತು. ಅದರಿಂದ ಇಳಿದ ಅಜ್ಜಮ್ಮ ಎಂಬ ಮುದುಕಿ, ಒಂದು ಕೈಯಲ್ಲಿ ಇನ್ನೊಂದು ತೋಳು ಹಿಡಿದುಕೊಂಡು, ಫ್ಲೆಕ್ಸು ನೋಡಿ, ಅದರ ಕೆಳಗೆ ನಿಂತಿದ್ದ ಮುಖವನ್ನೂ ನೋಡಿ, ಎರಡನ್ನೂ ತಾಳೆ ಹಾಕಿ, ಸೀದಾ ಬಂದು ಜಗಲಿ ಮೇಲೆ ಕೂತಳು.

“ಡಾಕ್ಟ್ರೇ, ಈ ತೋಳೊಂಚೂರು ನೋಡ್ರಿ.”

ಡಾಕ್ಟ್ರೇ! ಜೀವಮಾನದಲ್ಲಿ ಮೊದಲ ಸಲ ಯಾರೋ ತಾವಾಗಿಯೇ ಕರೆದಿದ್ದರು. ಕೊಟ್ರಬಸಪ್ಪನವರ ಎದೆ ಉಬ್ಬಿತು. ಆದರೂ ಮನುಷ್ಯ ಒಳ್ಳೆಯವರು ಅಂದೆನಲ್ಲ, ತಾವು ಆ ಥರದ ಡಾಕ್ಟರಲ್ಲ ಎಂದು ಬಾಯಿಬಿಟ್ಟೇ ಹೇಳಿದರು. ಯಾವ ಥರದವರಾದರೂ ಆಗಲಿ, ನೋಡಿ ಅಂದಳು ಅಜ್ಜಮ್ಮ. ಸೆರಗು ಸರಿಸಿದರೆ ತೋಳು ಕುಂಬಳಕಾಯಿಯಂತೆ ಊದಿಕೊಂಡು ಕೆಂಪಾಗಿತ್ತು. ಅದನ್ನು ನೋಡಿ ಕೊಟ್ರಬಸಪ್ಪನವರಿಗೇ ತಲೆ ತಿರುಗಿದ ಹಾಗಾಗಿ ಒಂದು ಕುರ್ಚಿ ಎಳೆದುಕೊಂಡು ಕೂತರು.

ಡಾಕ್ಟರು ಕೂತರು ಅಂದಮೇಲೆ ದವಾಖಾನೆ ತೆಗೆಯಿತು ಅಂತ ಜನ ತಿಳಿದರು. ಬಸ್ಸಿಗೆ ಕಾದಿದ್ದವರಲ್ಲಿ ಒಬ್ಬ ಬೆನ್ನು ಹಿಡಿದುಕೊಂಡು ಬಂದ, ಇನ್ನೊಬ್ಬಳು ಕೆಮ್ಮುತ್ತ ಬಂದಳು. ಜನ ಬಿಸಿಲಲ್ಲಿ ನಿಂತದ್ದು ನೋಡಲಾರದೆ ನಾಗರಾಜ ಒಳಗಿನಿಂದ ಇವರದೇ ಕುರ್ಚಿಗಳನ್ನು ತಂದು ಸಾಲಾಗಿ ಹಾಕಿದ, ಇವರದೇ ಶಾಮಿಯಾನ ಕಟ್ಟಿಸಿದ. ಕೂತವರಿಗೆಲ್ಲ ಶಿವಗಂಗಮ್ಮ ಮಜ್ಜಿಗೆ ಕೊಟ್ಟರು. ಕೊಟ್ರಬಸಪ್ಪನವರು ಒಬ್ಬೊಬ್ಬರ ಹತ್ತಿರವೂ ಹೋಗಿ, ನಾನು ಡಾಕ್ಟರಲ್ಲ, ಬಿಸಿನೀರು ಕುಡಿದು ದೊಡ್ಡಾಸ್ಪತ್ರೆಗೆ ಹೋಗಿ ಅಂತ ಕೈಮುಗಿದರು. ಜನಕ್ಕೆ ಅವರ ವಿನಯ ಬಹಳ ಹಿಡಿಸಿತು. ಸೂಜಿಯಿಲ್ಲ, ಫೀಸಿಲ್ಲ, ಮೇಲೆ ಮಜ್ಜಿಗೆ ಕೊಡ್ತಾರೆ ಅಂತ ಸುದ್ದಿ ಹಬ್ಬಿ, ಹತ್ತು ಗಂಟೆ ಹೊತ್ತಿಗೆ ಕುರ್ಚಿ ಸಾಲದೆ ಹೋಯಿತು.

ಆಗ ಆರೋಗ್ಯ ಇಲಾಖೆಯ ಜೀಪು ಬಂದು ನಿಂತಿತು. ಇಳಿದವರು ತಾಲ್ಲೂಕು ಆರೋಗ್ಯಾಧಿಕಾರಿ ಡಾಕ್ಟರ್ ಮೇಘಶ್ರೀ, ಹಿಂದೆ ಒಬ್ಬ ಪೇದೆ. ವೈದ್ಯಕೀಯ ಓದದೆ ಸೂಜಿ ಹಿಡಿದವರನ್ನು ಹುಡುಕಿ ಬಾಗಿಲು ಹಾಕಿಸುವುದು ಅವರ ಆ ತಿಂಗಳ ಕೆಲಸ. ಆ ಹೆಣ್ಣುಮಗಳು ಶಾಮಿಯಾನ ನೋಡಿದರು, ರೋಗಿಗಳನ್ನು ನೋಡಿದರು, ಫ್ಲೆಕ್ಸು ನೋಡಿದರು. ಕೊನೆಗೆ ಪಂಚೆ ಉಟ್ಟು ಬೆವರುತ್ತಿದ್ದ ಕೊಟ್ರಬಸಪ್ಪನವರನ್ನು ನೋಡಿದರು.

“ನಿಮ್ಮ ನೋಂದಣಿ ಸಂಖ್ಯೆ ಎಲ್ಲಿದೆ? ಬೋರ್ಡಿನ ಮೇಲೆ ಹಾಕಿಸಬೇಕು ಅಂತ ಗೊತ್ತಿಲ್ವಾ?”

ಕೊಟ್ರಬಸಪ್ಪನವರು ಒಳಗೆ ಓಡಿ ಚೌಕಟ್ಟು ಹಾಕಿಸಿದ್ದ ಡಾಕ್ಟರೇಟನ್ನೇ ಗೋಡೆಯಿಂದ ಕಿತ್ತು ತಂದರು. ಅದನ್ನು ಓದುತ್ತ ಮೇಘಶ್ರೀಯವರ ಹುಬ್ಬು ಮೇಲೇರಿತು. ಈಗಲಾದರೂ ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರೆ ಬದುಕುತ್ತಿದ್ದರು. ಆದರೆ ಅಕ್ಕಪಕ್ಕದವರು ಅಂದಮೇಲೆ ಉಪಕಾರ ಮಾಡದೆ ಬಿಡುತ್ತಾರೆಯೇ? ಬೆನ್ನು ನೋವಿನವನು ಎದ್ದು, ಇವರು ಕೈಮುಗಿದದ್ದಕ್ಕೇ ನೋವು ಅರ್ಧ ಇಳಿಯಿತು ಅಂತ ಸಾಕ್ಷಿ ಹೇಳಿದ. ನಾಗರಾಜ ಮುಂದೆ ಬಂದು ಎದೆ ತಟ್ಟಿಕೊಂಡ.

“ಮೇಡಂ, ನಮ್ಮ ಅಣ್ಣಾರ ಕೈಯಾಗೆ ಇಲ್ಲೀತನಕ ಒಬ್ಬರೂ ಸತ್ತಿಲ್ಲ. ಬೇಕಾದ್ರೆ ಬರ್ಕೊಡ್ತೀನಿ.”

ಪೇದೆ ಕೊಟ್ರಬಸಪ್ಪನವರ ತೋಳಿಗೆ ಕೈಹಾಕಿದ. ಅವರಿಗೆ ಕಣ್ಣಮುಂದೆ ಬಂದದ್ದು ಜೈಲಲ್ಲ, ಭಾವನ ಮುಖ. ಸಂಜೆ ಹೊನ್ನಾಳಿಯಿಂದ ಬಂದು, ನಮ್ಮ ಶಾಮಿಯಾನ ಎಲ್ಲಿ ಅಂತ ಕೇಳಿದರೆ ಊರವರು ಏನು ಹೇಳಬೇಕು? ಅವರು ತಟ್ಟನೆ ಅಜ್ಜಮ್ಮನ ಕಡೆ ಕೈ ತೋರಿಸಿದರು. “ಮೇಡಂ, ನನ್ನ ಏನು ಬೇಕಾದ್ರೂ ಮಾಡ್ರಿ. ಮೊದ್ಲು ಆ ತಾಯಿ ತೋಳು ನೋಡ್ರಿ.”

ಮೇಘಶ್ರೀ ನೋಡಿದರು. ಅವರ ಮುಖ ಬಿಗಿಯಾಯಿತು. ಯಾರು ಸೂಜಿ ಹಾಕಿದ್ದು ಅಂತ ಮೆತ್ತಗೆ ಕೇಳಿದರು. ಕತ್ತಲಗೆರೆ ದಾರಿಯಲ್ಲಿ ಹೊಸದಾಗಿ ದವಾಖಾನೆ ಇಟ್ಟಿರುವ ಗುರುಸ್ವಾಮಿ ಡಾಕ್ಟರು ಅಂದಳು ಅಜ್ಜಮ್ಮ. ಬಹಳ ಗಟ್ಟಿ ಡಾಕ್ಟರಂತೆ, ಕೆಮ್ಮಿಗೂ ಸೂಜಿ, ಕಾಲುನೋವಿಗೂ ಸೂಜಿ, ಎಲ್ಲರಿಗೂ ಒಂದೇ ಸೂಜಿಯಂತೆ. ಒಳಗೆ ಕೀವು ತುಂಬಿದೆ, ಇನ್ನು ಸ್ವಲ್ಪ ತಡ ಮಾಡಿದ್ದರೆ ತೋಳಿಗೆ ಮಾತ್ರವಲ್ಲ, ಜೀವಕ್ಕೇ ಸಂಚಕಾರ ಬರುತ್ತಿತ್ತು ಅಂತ ಹೇಳಿ, ಮೇಘಶ್ರೀ ಅವಳನ್ನು ತಮ್ಮ ಜೀಪಿನಲ್ಲೇ ಆಸ್ಪತ್ರೆಗೆ ಕಳಿಸಿದರು.

ಆ ಗುರುಸ್ವಾಮಿಯ ಹೆಸರು ಮೇಘಶ್ರೀಯವರಿಗೆ ಹೊಸದಲ್ಲ. ಜೀಪು ಊರು ಬಿಡುವುದೇ ತಡ, ದಾರಿಯ ಚಾದಂಗಡಿಗಳಿಂದ ಅವನಿಗೆ ಫೋನು ಹೋಗುತ್ತಿತ್ತು. ಇವರು ಮುಟ್ಟುವಷ್ಟರಲ್ಲಿ ಬಾಗಿಲಿಗೆ ಬೀಗ. ಹೋದಾಗಲೆಲ್ಲ ಬೀಗ ನೋಡಿಕೊಂಡು ಬಂದದ್ದೇ ಬಂದದ್ದು. ಅದನ್ನು ಹೇಳುವಾಗ ಆಕೆಯ ಧ್ವನಿಯಲ್ಲಿದ್ದ ಸಂಕಟ ಕೊಟ್ರಬಸಪ್ಪನವರಿಗೆ ತಾಗಿತು. ಅಜ್ಜಮ್ಮನ ತೋಳು ಇನ್ನೂ ಕಣ್ಣಿಗೆ ಕಟ್ಟಿದ ಹಾಗೇ ಇತ್ತು. ಅವರಿಗೆ ಸಿಟ್ಟು ಬಂತು, ನಿಜವಾದ ಸಿಟ್ಟು.

“ಜೀಪು ಕಂಡ್ರೆ ಓಡ್ತಾನೆ,” ಅಂದರು. “ಶಾಮಿಯಾನ ಗಾಡಿ ಕಂಡ್ರೆ ಯಾಕೆ ಓಡ್ತಾನೆ ಮೇಡಂ?”

ಕಾಲು ಗಂಟೆಯಲ್ಲಿ ಕೊಟ್ರಬಸಪ್ಪನವರ ಲಗೇಜ್ ಗಾಡಿ ಕತ್ತಲಗೆರೆ ದಾರಿ ಹಿಡಿಯಿತು. ಮುಂದೆ ಡ್ರೈವರ್ ಸೀಟಿನಲ್ಲಿ ಕೊಟ್ರಬಸಪ್ಪನವರು, ಪಕ್ಕದಲ್ಲಿ ನಾಗರಾಜ. ಹಿಂದೆ ಕುರ್ಚಿಗಳ ಸಾಲಿನ ನಡುವೆ, ಮಡಚಿಟ್ಟ ಕೆಂಪು ಹಳದಿ ಬಟ್ಟೆಗಳ ಮರೆಯಲ್ಲಿ, ಸರಕಾರ. ದಾರಿಯುದ್ದಕ್ಕೂ ಚಾದಂಗಡಿಯವರು ಯಾರ ಮದುವೆ ಅಂತ ಕೂಗಿ ಕೇಳಿದರು. ಗುರುಸ್ವಾಮಿಯದು ಅಂತ ನಾಗರಾಜ ಬಾಯಿ ತೆಗೆಯುವಷ್ಟರಲ್ಲಿ ಕೊಟ್ರಬಸಪ್ಪನವರು ಅವನ ತೊಡೆ ಚಿವುಟಿದರು.

ದವಾಖಾನೆಯ ಬಾಗಿಲು ಹಾರು ಹೊಡೆದಿತ್ತು. ಜಗಲಿಯ ತುಂಬ ಜನ. ಒಳಗೆ ಒಬ್ಬನಿಗೆ ಗ್ಲೂಕೋಸು ಏರುತ್ತಿತ್ತು, ಬಾಟಲಿಯನ್ನು ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದ್ದರು. ಮೇಘಶ್ರೀ ಮತ್ತು ಪೇದೆ ಮುಂಬಾಗಿಲಿನಿಂದ ನುಗ್ಗುವುದು, ಕೊಟ್ರಬಸಪ್ಪನವರು ಹಿಂಬಾಗಿಲು ಕಾಯುವುದು ಅಂತ ಮಾತಾಗಿತ್ತು. ಯಾರಾದರೂ ಹೊರಗೆ ಬಂದರೆ ಹಿಡಿದುಕೊಳ್ಳಬೇಕು. ಹಿಡಿಯುವುದು ಹೇಗೆ ಅಂತ ಮಾತ್ರ ಅವರಿಗೆ ಯಾರೂ ಹೇಳಿರಲಿಲ್ಲ. ಅವರು ಜೀವನದಲ್ಲಿ ಓಡಿದ ಕೋಳಿಯನ್ನೂ ಹಿಡಿದವರಲ್ಲ.

ಮುಂದೆ ಗದ್ದಲವೆದ್ದಿತು. ಹಿಂಬಾಗಿಲ ಚಿಲಕ ಸರಿಯಿತು. ಕೊಟ್ರಬಸಪ್ಪನವರು ಎದೆ ಗಟ್ಟಿಮಾಡಿಕೊಂಡು ಎರಡೂ ಕೈ ಅಗಲಿಸಿ ನಿಂತರು. ಬಾಗಿಲು ತೆರೆಯಿತು. ಹೊರಗೆ ಬಂದವರು ಗುರುಸ್ವಾಮಿಯಲ್ಲ. ಕೆಂಪು ನಿಲುವಂಗಿ, ಗೊಂಡೆಯ ಟೋಪಿ, ಬಿಳಿ ಗಡ್ಡ, ಕಪ್ಪು ಕನ್ನಡಕ. ಗಂಭೀರವಾಗಿ ಹೆಜ್ಜೆಯಿಡುತ್ತ ಬಂದವರು ಸಾಕ್ಷಾತ್ ಕುಲಪತಿಗಳು.

ಇಂಥಾ ಹೊತ್ತಿನಲ್ಲಿ ಬೇರೆಯವರಾದರೆ ಏನು ಮಾಡುತ್ತಿದ್ದರೋ. ಕೊಟ್ರಬಸಪ್ಪನವರು ದೊಪ್ಪನೆ ಕಾಲಿಗೆ ಬಿದ್ದರು. ಬಿದ್ದದ್ದಷ್ಟೇ ಅಲ್ಲ, ಎರಡೂ ಪಾದ ಗಟ್ಟಿಯಾಗಿ ಹಿಡಿದುಕೊಂಡರು. ತಾವು ಇಲ್ಲಿಗೆ ದಯಮಾಡಿಸಿದ್ದು ನನ್ನ ಪುಣ್ಯ, ಸಂಜೆ ಸನ್ಮಾನಕ್ಕೆ ವೇದಿಕೆ ಮೇಲೆ ತಾವೇ ಇರಬೇಕು, ನಮ್ಮ ಭಾವ ಬರ್ತಾರೆ, ಒಂದೇ ಮಾತು ತಾವು ಹೇಳಿದರೆ ಸಾಕು ಅಂತ ಒಂದೇ ಉಸಿರಿನಲ್ಲಿ ಬೇಡಿಕೊಂಡರು. ಕುಲಪತಿಗಳು ಆಶೀರ್ವಾದ ಅಂದರು. ಆಯ್ತಪ್ಪ ಬಿಡು ಅಂದರು. ಆಮೇಲೆ, ಬಿಡೋ ಕಾಲು ಅಂದರು. ಭಕ್ತಿ ಹೆಚ್ಚಾಗಿ ಇವರು ಇನ್ನೂ ಬಿಗಿ ಹಿಡಿದರು. ಕುಲಪತಿಗಳು ಓಡಲು ಹೋಗಿ ಬೋರಲು ಬಿದ್ದರು. ಟೋಪಿ ಉರುಳಿತು, ಕನ್ನಡಕ ಹಾರಿತು, ಬಿಳಿ ಗಡ್ಡ ಕಳಚಿ ಪಕ್ಕದ ಹಿತ್ತಲಿನ ತೊಗರಿ ಗಿಡಕ್ಕೆ ಸಿಕ್ಕಿಕೊಂಡಿತು. ಕೊಟ್ರಬಸಪ್ಪನವರ ಕೈಯಲ್ಲಿ ಉಳಿದದ್ದು ಎರಡು ಕಾಲು. ಕಾಲಿನಲ್ಲಿ ನೀಲಿ ಹವಾಯಿ ಚಪ್ಪಲಿ. ಒಂದಕ್ಕೆ ಪಿನ್ನು.

ನೆಲದ ಮೇಲಿದ್ದದ್ದು ನುಣ್ಣಗೆ ಕ್ಷೌರ ಮಾಡಿದ ನಡುವಯಸ್ಸಿನ ಒಂದು ಮುಖ. ಪಡಸಾಲೆಯಿಂದ ಓಡಿಬಂದ ಒಬ್ಬ ಹೆಂಗಸು, ಅಯ್ಯೋ ನಮ್ಮ ಗುರುಸ್ವಾಮಿ ಡಾಕ್ಟ್ರು ಬಿದ್ದುಬಿಟ್ರಲ್ಲ ಅಂದಳು.

ಒಂದು ಗಳಿಗೆ ಕೊಟ್ರಬಸಪ್ಪನವರಿಗೆ ಲೋಕವೇ ನಿಂತುಹೋಯಿತು. ಮುಂದೆ ಮೇಘಶ್ರೀಯವರ ಹೆಜ್ಜೆ ಸದ್ದು ಕೇಳುತ್ತಿತ್ತು. ಗುರುಸ್ವಾಮಿ ಕತ್ತು ತಿರುಗಿಸಿ, ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದ.

“ಬಿಟ್ಬಿಡ್ರಿ ಡಾಕ್ಟ್ರೇ. ನಾನು ಸಿಕ್ಕಿಬಿದ್ರೆ ನಿಮ್ಮ ಡಾಕ್ಟರೇಟು ಉಳೀತೈತಾ? ನಾನು ಹೋದ್ರೆ ನೀವು ಸಾಯೋತನಕ ಡಾಕ್ಟ್ರೇ.”

ಮಾತು ನಿಜವಿತ್ತು. ಕೈ ಸಡಿಲಿಸಿದರೆ ಸಾಕು, ಸಂಜೆಯ ಮೈಕು, ಭಾವನ ಕಿವಿ, ಎಲ್ಲಾ ಅಂದುಕೊಂಡ ಹಾಗೇ ಆಗುತ್ತಿತ್ತು. ಕಾಲು ಜಾರಿಹೋಯಿತು ಅಂದರೆ ಯಾರು ಬೇಡ ಅನ್ನುತ್ತಿದ್ದರು? ಕೊಟ್ರಬಸಪ್ಪನವರು ಆ ಪಿನ್ನು ನೋಡಿದರು. ಇವನ ಕೈಯೇ ತಮಗೆ ಪ್ರಮಾಣಪತ್ರ ಕೊಟ್ಟದ್ದು, ಇದೇ ಕೈ ಅಜ್ಜಮ್ಮನ ತೋಳಿಗೆ ಸೂಜಿ ಚುಚ್ಚಿದ್ದು ಎಂಬುದು ಅವರಿಗೆ ಆಗ ಸರಿಯಾಗಿ ತಲೆಗೆ ಹೋಯಿತು. ಅವರು ಆ ಎರಡೂ ಕಾಲಿನ ಮೇಲೆ ಹತ್ತಿ ಕೂತರು. ಫ್ಲೆಕ್ಸಿನಲ್ಲಿ ಕಾಣದ ಹೊಟ್ಟೆ ಆಗ ಕೆಲಸಕ್ಕೆ ಬಂತು.

ಮೇಘಶ್ರೀ ಬಂದು ಯಾರಿವರು ಅಂತ ಕೇಳಿದರು.

“ಗುರುಸ್ವಾಮಿ, ಮೇಡಂ,” ಅಂದರು ಕೊಟ್ರಬಸಪ್ಪನವರು. “ನನಗೆ ಡಾಕ್ಟರೇಟು ಕೊಟ್ಟವನೂ ಇವನೇ. ಅದನ್ನೂ ಬರ್ಕೊಳ್ರಿ.”

ಒಳಗಿನ ಬೀರು ತೆಗೆದರೆ ಮೇಲಿನ ಅರೆಯಲ್ಲಿ ಸೂಜಿಮದ್ದು, ಕೆಳಗಿನ ಅರೆಯಲ್ಲಿ ಹೆಸರು ಬರೆಯದ ಡಾಕ್ಟರೇಟುಗಳು ಕಟ್ಟುಕಟ್ಟಾಗಿ ಇದ್ದವು. ವಾರದ ದಿನಗಳಲ್ಲಿ ಮೇಲಿನ ಅರೆ, ಭಾನುವಾರ ಕೆಳಗಿನದು. ಇವತ್ತು ಗುರುತು ಸಿಗದೆ ಪಾರಾಗಲು ಅವನು ಭಾನುವಾರದ ವೇಷವನ್ನೇ ಏರಿಸಿಕೊಂಡಿದ್ದ. ಪೇದೆ ಗುರುಸ್ವಾಮಿಯನ್ನು ಕೆಂಪು ನಿಲುವಂಗಿಯ ಸಮೇತ ಗಾಡಿ ಹತ್ತಿಸಿ ಕುರ್ಚಿಗಳ ನಡುವೆ ಕೂರಿಸಿದ. ಬಾಗಿಲಿಗೆ ಬೀಗಮುದ್ರೆ ಬಿತ್ತು. ಮೇಘಶ್ರೀ ಕೊಟ್ರಬಸಪ್ಪನವರ ಕೈಕುಲುಕಿ, ಎಷ್ಟು ಜನರ ಜೀವ ಉಳಿಸಿದಿರಿ ಅಂತ ನಿಮಗೇ ಗೊತ್ತಿಲ್ಲ ಅಂದರು. ಜೊತೆಗೆ, ನಿಮ್ಮ ಚೌಕಟ್ಟು ಕೇಸಿಗೆ ಸಾಕ್ಷಿಯಾಗಿ ಬೇಕು, ಫ್ಲೆಕ್ಸು ಈಗಿಂದೀಗಲೇ ಇಳಿಯಬೇಕು ಎಂಬುದನ್ನೂ ಅಷ್ಟೇ ಪ್ರೀತಿಯಿಂದ ಹೇಳಿದರು.

ಗಾಡಿ ಚನ್ನಗಿರಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಇಷ್ಟು ದಿನ ಗುರುಸ್ವಾಮಿಗೆ ಫೋನು ಮಾಡುತ್ತಿದ್ದ ಚಾದಂಗಡಿಯವರೇ ಈಗ ರಸ್ತೆಗಿಳಿದು ಶಿಳ್ಳೆ ಹೊಡೆದರು. ಬಸ್‌ಸ್ಟ್ಯಾಂಡಿನಲ್ಲಿ ಪಟಾಕಿ ಹಚ್ಚಿದರು. ಯಾರೋ ಕೊಟ್ರಬಸಪ್ಪನವರನ್ನು ಹೆಗಲ ಮೇಲೆ ಎತ್ತಲು ಹೋಗಿ, ಆಗದೆ, ಗಾಡಿಯ ಮೇಲೇ ನಿಲ್ಲಿಸಿ ಊರು ಸುತ್ತಿಸಿದರು. ಶಿವಗಂಗಮ್ಮ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದರು. ಗಂಡನ ಕಣ್ಣಲ್ಲಿ ನೀರು ಕಂಡು ಸೆರಗಿನಿಂದ ಒರೆಸಿದರು.

ಸಂಜೆ ಅಂಗಳ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಬಸವರಾಜಪ್ಪನವರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ನಿರೂಪಕ ‘ಡಾಕ್ಟರ್’ ಅಂತ ಶುರುಮಾಡುವಷ್ಟರಲ್ಲಿ ಕೊಟ್ರಬಸಪ್ಪನವರು ತಾವೇ ಎದ್ದು ಹೋಗಿ ಮೈಕು ತೆಗೆದುಕೊಂಡರು.

“ನಾನು ಡಾಕ್ಟ್ರಲ್ರಿ. ನನಗೆ ಕೊಟ್ಟಿದ್ದು ಕಳ್ಳ ಕಾಗದ. ಮೈಯಾಗೆ ಹುಷಾರಿಲ್ಲ ಅಂದ್ರೆ ಬೋರ್ಡ್ ನೋಡಿ ನಂಬಬ್ಯಾಡ್ರಿ, ಓದಿರೋರ ಹತ್ರ ಹೋಗ್ರಿ. ನಂದು ಶಾಮಿಯಾನದ ಅಂಗಡಿ, ಅಷ್ಟೇ.”

ಚಪ್ಪಾಳೆ ಬಿತ್ತು ನೋಡಿ, ಕಂಬಕ್ಕೆ ಕಟ್ಟಿದ ಬಟ್ಟೆಯೆಲ್ಲ ಅದುರಿತು. ಮೇಘಶ್ರೀ ಎದ್ದು ನಿಂತು ತಟ್ಟಿದರು. ಬಸವರಾಜಪ್ಪನವರು ವೇದಿಕೆಗೆ ಬಂದರು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವರ ಕಣ್ಣು ಒದ್ದೆಯಾಗಿತ್ತು. ತಮ್ಮ ಹೆಗಲ ಶಾಲು ತೆಗೆದು ತಂಗಿಯ ಗಂಡನಿಗೆ ಹೊದಿಸಿ, ಅಪ್ಪಿಕೊಂಡು, ಇವರದೇ ಮೈಕಿನಲ್ಲಿ ಊರಿಗೆಲ್ಲ ಕೇಳುವ ಹಾಗೆ ಹೇಳಿದರು.

“ಭಲೇ ಶಾಮಿಯಾನ!”

ಜನವೆಲ್ಲ ಅದನ್ನೇ ಹಿಡಿದುಕೊಂಡು ಕೂಗಿತು. ಇನ್ನು ಮುಂದೆ ಹೊನ್ನಾಳಿಯಲ್ಲಿ ಮಾತ್ರವಲ್ಲ, ಚನ್ನಗಿರಿಯಲ್ಲೂ ಅದೇ ಹೆಸರು ಖಾಯಂ ಅಂತ ಕೊಟ್ರಬಸಪ್ಪನವರಿಗೆ ಅರ್ಥವಾಯಿತು. ವಿಚಿತ್ರವೆಂದರೆ ಇವತ್ತು ಆ ಮಾತು ಚುಚ್ಚಲಿಲ್ಲ.

ಸಮಾರಂಭ ಮುಗಿಸಿ, ಕೊರಳ ತುಂಬ ಹಾರ ಹಾಕಿಕೊಂಡು ಅಂಗಡಿಗೆ ಬಂದರೆ ಜಗಲಿಯ ಮೇಲೆ ಅಜ್ಜಮ್ಮ ಕೂತಿದ್ದಳು. ತೋಳಿಗೆ ಬಿಳಿ ಪಟ್ಟಿ ಕಟ್ಟಿತ್ತು, ಮುಖದಲ್ಲಿ ಕಳೆ ಬಂದಿತ್ತು. ಎರಡು ದಿನ ಆಸ್ಪತ್ರೆಯಲ್ಲೇ ಮಲಗಬೇಕು ಅಂದಿದ್ದಾರಂತೆ, ನರ್ಸಮ್ಮನಿಗೆ ಹೇಳಿ ಒಂದು ಗಳಿಗೆ ಬಂದಿದ್ದಾಳಂತೆ. ಅವಳ ಹಿಂದೆ ವಾರ್ಡಿನ ಇನ್ನೂ ನಾಲ್ಕಾರು ಜನ.

“ಮೊಣಕಾಲು ನೋವು ಐತ್ರಿ ಡಾಕ್ಟ್ರೇ. ಒಂಚೂರು ನೋಡ್ರಿ.”

ಕೊಟ್ರಬಸಪ್ಪನವರು ತಲೆಯ ಮೇಲೆ ಕೈಹೊತ್ತು ಕೂತರು. ಈಗ ತಾನೇ ಮೈಕಿನಲ್ಲಿ ಕೂಗಿ ಹೇಳಿದೆನಲ್ಲ, ನಾನು ಡಾಕ್ಟರಲ್ಲ ಅಂತ, ಆಸ್ಪತ್ರೆ ತನಕ ಕೇಳಿಸಲಿಲ್ಲವೇ ಅಂದರು.

“ಕೇಳಿಸ್ತಪ್ಪ. ಅದಕ್ಕೇ ಬಂದೀನಿ,” ಅಂದಳು ಅಜ್ಜಮ್ಮ. “ಆ ಗುರುಸ್ವಾಮಿ ಒಂದಿನಾನಾದ್ರೂ ಹಂಗೆ ಹೇಳಿದ್ನಾ? ನೀನು ಬೆಳಿಗ್ಗೇನೂ ಹೇಳ್ದೆ, ಸಂಜೀನೂ ಹೇಳ್ದೆ. ಸುಳ್ಳು ಹೇಳ್ದಿರೋ ಡಾಕ್ಟ್ರು ಇನ್ನೆಲ್ಲಿ ಸಿಗ್ತಾರೆ, ಹೇಳು.”

ಹಿಂದಿನವರೆಲ್ಲ ಹೌದು ಹೌದು ಅಂತ ತಲೆಯಾಡಿಸಿದರು. ಪಕ್ಕದಲ್ಲಿ ನಾಗರಾಜ ಆಗಲೇ ಒಳಗಿನಿಂದ ಕುರ್ಚಿ ತಂದು ಸಾಲಾಗಿ ಹಾಕುತ್ತಿದ್ದ. ಮಜ್ಜಿಗೆ ಇನ್ನೆಷ್ಟು ಬೇಕಾಗುತ್ತದೆ ಅಂತ ಶಿವಗಂಗಮ್ಮ ಒಳಗಿನಿಂದ ಕೇಳಿದರು.